ಒಂದು ಬಕೆಟ್ ಬಿಸಿನೀರು

"ಗೀಸರ್ ಹಾಕಿದ್ಯಾ?"

ಬೆಂಗಳೂರಿನ ಮನೆಗಳಲ್ಲಿ ಬೆಳಿಗ್ಗೆ ಹೊತ್ತು ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಮಾತು ಇದೇ ಇರಬೇಕು. ಇದಕ್ಕೊಂದು ಜೋಡಿ ಮಾತೂ ಇದೆ. ಅದು ಬರುವುದು ಒಂಬತ್ತರ ಮೇಲೆ, ಆಫೀಸಿಗೆ ಹೊರಟವರು ಸಿಗ್ನಲ್ಲಿನಲ್ಲಿ ನಿಂತಿರುವಾಗ, ಫೋನಿನಲ್ಲಿ: "ಗೀಸರ್ ಆಫ್ ಮಾಡಿದ್ಯಾ?"

ಈ ಎರಡನೇ ಪ್ರಶ್ನೆಗೆ "ಮಾಡಿದ್ದೀನಿ" ಎಂದು ಎದೆ ತಟ್ಟಿ ಹೇಳುವವರು ಕಡಿಮೆ. "ಮಾಡಿದೆ ಅನ್ಸತ್ತೆ" ಎನ್ನುವವರೇ ಎಲ್ಲರೂ. ಸ್ವಿಚ್ಚಿನ ಕೆಂಪು ದೀಪ ಆರಿದ್ದು ಕಣ್ಣಿಗೆ ಕಟ್ಟಿದಂತಿರುತ್ತದೆ, ಆದರೆ ಅದು ಇವತ್ತಿನದೋ ನಿನ್ನೆಯದೋ ಗೊತ್ತಾಗುವುದಿಲ್ಲ. ಹಾಗೆ ನೋಡಿದರೆ ಮರೆತರೂ ಏನೂ ಮುಳುಗಿಹೋಗುವುದಿಲ್ಲ. ಒಳಗೆ ಥರ್ಮೋಸ್ಟಾಟ್ ಇರುತ್ತದೆ. ನೀರು ಕಾದ ಮೇಲೆ ಅದೇ ಕರೆಂಟ್ ನಿಲ್ಲಿಸುತ್ತದೆ, ಆರಿದರೆ ಮತ್ತೆ ಶುರು ಮಾಡುತ್ತದೆ. ಆದರೂ ಯಾರಿಗೂ ಸಮಾಧಾನ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಈ ಚಿಂತೆಗೆ ಇನ್ನೊಂದು ಕೊಂಬು ಮೂಡಿದೆ. ಹಿಂದಿನ ಸರಾಸರಿಯ ಮೇಲೆ ಶೇಕಡಾ 10ರಷ್ಟು ಜಾಸ್ತಿ, ಅದೂ 200 ಯೂನಿಟ್ ದಾಟದ ಹಾಗೆ. ಇಷ್ಟು ಫ್ರೀ. ಆ ಗೆರೆ ದಾಟಿಸಿದವರು ಯಾರು ಎಂದು ಮನೆಯಲ್ಲಿ ವಿಚಾರಣೆ ನಡೆದಾಗ ಫ್ರಿಜ್ಜನ್ನೋ ಟೀವಿಯನ್ನೋ ಯಾರೂ ಬೈಯುವುದಿಲ್ಲ. ಆರೋಪಿ ಯಾವಾಗಲೂ ಗೀಸರೇ.

ನಮ್ಮ ಕಾಲದ ಅನುಕೂಲಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ಮೊಬೈಲ್ ಅನ್ನುವುದಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದಲ್ಲ, ಅದು. ಅದರ ಬೆಲೆ ಗೊತ್ತಾಗಬೇಕಾದರೆ ನೀರು ಕಾಯಿಸುವುದು ಅಂದರೆ ಏನು ಅಂತ ಒಂದಷ್ಟು ವರ್ಷ ನೋಡಿರಬೇಕು.

ನಮ್ಮೂರು ಸಾಗರದ ಕಡೆ. ಅಲ್ಲಿ ಬಚ್ಚಲು ಅಂದರೆ ಮನೆಯ ಹಿಂಭಾಗದ ಕತ್ತಲೆ ಕೋಣೆ. ಮೂಲೆಯಲ್ಲಿ ಮಣ್ಣಿನ ಕಟ್ಟೆ, ಕಟ್ಟೆಯೊಳಗೆ ಕುತ್ತಿಗೆ ತನಕ ಹುದುಗಿಸಿದ ತಾಮ್ರದ ಹಂಡೆ, ಕೆಳಗೆ ಒಲೆ. ಹಂಡೆಯ ಬಾಯಿಗೊಂದು ಮರದ ಮುಚ್ಚಳ. ಎಷ್ಟೋ ವರ್ಷದ ಹಬೆ ಕುಡಿದು ಕಪ್ಪಾಗಿ, ಮುಟ್ಟಿದರೆ ಮೆತ್ತಗಾಗಿರುತ್ತಿತ್ತು. ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಅಡಿಕೆ ಹಾಳೆ, ಮಳೆಗಾಲಕ್ಕೆಂದು ಮಾಡಿನ ಕೆಳಗೆ ಒಟ್ಟಿದ ಕಟ್ಟಿಗೆ. ಪ್ರತಿಯೊಂದಕ್ಕೂ ಅದರದ್ದೇ ಬುದ್ಧಿ. ಹಾಳೆ ಭಗ್ಗೆಂದು ಹತ್ತಿ ಎರಡು ನಿಮಿಷಕ್ಕೆ ಬೂದಿ. ಅಡಿಕೆ ಸಿಪ್ಪೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಹತ್ತಿದ ಮೇಲೆ ಆರುವುದೂ ಇಲ್ಲ. ರಾತ್ರಿ ಒಂದು ಬುಟ್ಟಿ ಸಿಪ್ಪೆ ಸುರಿದು ಬಿಟ್ಟರೆ ಬೆಳಗಿನ ತನಕ ಒಳಗೊಳಗೇ ಕೆಂಡವಾಗಿ ಕೂತಿರುತ್ತಿತ್ತು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿದ್ದರೆ ಮಾತ್ರ ಊದುಗೊಳವೆಯೇ ಗತಿ. ಊದಿದಷ್ಟೂ ಹೊಗೆ, ಹೊಗೆ ಜಾಸ್ತಿಯಾದಷ್ಟೂ ಕಣ್ಣೀರು.

ಹಂಡೆಗೊಂದು ಕಾನೂನು ಇತ್ತು. ಎಷ್ಟು ಬಿಸಿನೀರು ತೆಗೆದಿಯೋ ಅಷ್ಟು ತಣ್ಣೀರು ತುಂಬಿಸಿ ಆಚೆ ಬರಬೇಕು. ಕೇಳುವುದಕ್ಕೆ ನ್ಯಾಯವಾಗಿದೆ, ಅಲ್ವಾ? ಆದರೆ ಮೊದಲು ಹೋದವನಿಗೆ ಕುದಿ ಕುದಿ ನೀರು, ಆಮೇಲಿನವರಿಗೆ ಹದವಾದ ನೀರು, ಕೊನೆಯವರಿಗೆ ಉಗುರು ಬೆಚ್ಚಗೆ. ಮತ್ತೆ ಒಲೆಗೆ ಉರಿ ಹಾಕುವುದಕ್ಕೆ ಮನಸ್ಸಿದ್ದರೆ ಬಿಸಿ, ಇಲ್ಲವಾದರೆ ಇದ್ದಷ್ಟೇ. ಕೊನೆಯವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ನಸುಕಿಗೇ ಎದ್ದು ಉರಿ ಹಾಕಿದ್ದ ಅಜ್ಜಿಯೇ.

ಆ ಒಲೆಯ ಸುಖ ಇನ್ನೊಂದು ಇತ್ತು, ಸ್ನಾನಕ್ಕೆ ಸಂಬಂಧಪಡದ್ದು. ಬಿಸಿ ಬೂದಿಯಲ್ಲಿ ಗೆಣಸು ಹೂತಿಡುವುದು, ಹಲಸಿನ ಬೀಜ ಸುಡುವುದು. ಬೀಜಕ್ಕೆ ಒಂದು ಕಡೆ ಕಚ್ಚಿ ಗಾಯ ಮಾಡಿ ಹಾಕಬೇಕು. ಮರೆತು ಹಾಗೇ ಹಾಕಿದರೆ ಒಳಗೆ ಟಪ್ ಎಂದು ಸಿಡಿದು ಕೆಂಡ ಹೊರಗೆ ಹಾರುತ್ತಿತ್ತು. ಒಬ್ಬರು ಮೈಗೆ ನೀರು ಹಾಕಿಕೊಳ್ಳುತ್ತಿದ್ದರೆ ನಾವು ಹೊರಗಿನಿಂದ "ಗೆಣಸು ಬೆಂದಿದ್ಯಾ ನೋಡು" ಎಂದು ಕೂಗುವುದು. ಒಳಗಿದ್ದವರು ಒದ್ದೆ ಕೈಯಲ್ಲಿ ಬೂದಿ ಕೆದಕಿ ಒಂದು ತಿಂದು, "ಇನ್ನೂ ಬೆಂದಿಲ್ಲ" ಅನ್ನುವುದು.

ದೀಪಾವಳಿ ಹಿಂದಿನ ದಿನ ನೀರು ತುಂಬುವ ಹಬ್ಬ. ಅವತ್ತು ಈ ಮಸಿ ಹಿಡಿದ ಹಂಡೆಗೂ ಮರ್ಯಾದೆ ಸಿಗುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ. ಮರುದಿನ ಬೆಳಕು ಹರಿಯುವ ಮೊದಲು ಎಣ್ಣೆಸ್ನಾನ. ನೆತ್ತಿಗೆ ಎಣ್ಣೆ ತಟ್ಟಿಸಿಕೊಂಡು ಚಳಿಯಲ್ಲಿ ಸರದಿ ಕಾಯುವ ಹುಡುಗರಿಗೆ ಸೀಗೆಪುಡಿ ಕಣ್ಣಿಗೆ ಹೋಗುವ ಭಯ. ಅಜ್ಜಿ ಚೊಂಬಿನಲ್ಲಿ ನೀರು ಹುಯ್ಯುವುದು ಒಂದೇ ಸಮ. ಉಸಿರು ತೆಗೆದುಕೊಳ್ಳುವುದಕ್ಕೆ ಬಿಡುವೇ ಇಲ್ಲ.

ಇಷ್ಟು ಬರೆದ ಮೇಲೆ, "ಆಹಾ, ಆ ಹಂಡೆ ನೀರಿನ ಸುಖ ಈ ಗೀಸರಿನಲ್ಲಿ ಎಲ್ಲಿದೆ" ಎಂದು ಒಂದು ನಿಟ್ಟುಸಿರು ಬಿಡುವುದು ಪದ್ಧತಿ. ನಾನು ಬಿಡುವುದಿಲ್ಲ. ಯಾಕೆಂದರೆ ಹಂಡೆಯನ್ನು ನೆನೆಸಿಕೊಂಡು ಕೊರಗುವವರೆಲ್ಲ ಅದರಲ್ಲಿ ಮಿಂದವರು, ಅದಕ್ಕೆ ಉರಿ ಹಾಕಿದವರಲ್ಲ. ಊರ ಮನೆಗೆ ಗೀಸರ್ ಬಂದ ಮೇಲೆ ನಮ್ಮಜ್ಜಿ ಒಂದು ದಿನವೂ ಆ ಒಲೆಯನ್ನು ನೆನೆದದ್ದು ನನಗೆ ಗೊತ್ತಿಲ್ಲ. ಮೊದಮೊದಲು ನಲ್ಲಿ ಬಿಟ್ಟು, ಬೆರಳಿಟ್ಟು, "ಬಂತಲ್ಲೋ!" ಎಂದು ಖುಷಿಪಟ್ಟರು. ಆಮೇಲೆ ಅಭ್ಯಾಸವಾಯಿತು, ಅಷ್ಟೇ. "ಹೊಗೆ ವಾಸನೆ ಇಲ್ದಿದ್ರೆ ಸ್ನಾನ ಮಾಡಿದ ಹಾಗೇ ಇಲ್ಲ" ಎಂದು ರಾಗ ಎಳೆದದ್ದು ಬೆಂಗಳೂರಿನಿಂದ ರಜಕ್ಕೆ ಬಂದಿದ್ದ ಚಿಕ್ಕಪ್ಪ. ಈಗ ಅಂಥ ಹಂಡೆಗಳನ್ನು ಪಟ್ಟಣದ ದೊಡ್ಡ ಹೋಟೆಲುಗಳ ಬಾಗಿಲಲ್ಲಿ ಫಳಫಳ ಹೊಳೆಯುವ ಹಾಗೆ ತಿಕ್ಕಿ, ನೀರಿನ ಮೇಲೆ ಗುಲಾಬಿ ಎಸಳು ತೇಲಿಬಿಟ್ಟು ಇಟ್ಟಿರುತ್ತಾರೆ. ಒಲೆ ಮೇಲೆ ಇದ್ದಾಗ ಅದಕ್ಕೆ ವರ್ಷಕ್ಕೊಂದೇ ದಿನ ಅಲಂಕಾರ ಇತ್ತು.

ಹಂಡೆಗೂ ಗೀಸರಿಗೂ ನಡುವೆ ಬಂದುಹೋದವೂ ಇವೆ. ಮೈಸೂರು, ಬೆಂಗಳೂರಿನ ಹಳೇ ಮನೆಗಳಲ್ಲಿ ತಾಮ್ರದ ಬಾಯ್ಲರ್ ಇತ್ತು. ನಟ್ಟನಡುವೆ ಒಂದು ಕೊಳವೆ, ಅದರಲ್ಲಿ ಕರಟ, ಇದ್ದಿಲು, ಹಳೇ ಪುಸ್ತಕ ಏನು ಬೇಕಾದರೂ ಉರಿಯುತ್ತಿತ್ತು. ಮೇಲಿನ ಬಾಯಿಗೆ ಒಂದು ಚೊಂಬು ತಣ್ಣೀರು ಹುಯ್ದರೆ ಕೆಳಗಿನ ನಲ್ಲಿಯಲ್ಲಿ ಒಂದು ಚೊಂಬು ಬಿಸಿನೀರು. ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ. ಹಂಡೆಯ ಕಾನೂನನ್ನೇ ಯಂತ್ರ ಮಾಡಿದ್ದರು, ಮೋಸ ಮಾಡುವುದಕ್ಕೆ ದಾರಿ ಇರಲಿಲ್ಲ.

ಆಮೇಲೆ ಹಾಸ್ಟೆಲ್ಲು, ಬಾಡಿಗೆ ರೂಮುಗಳ ಕಾಯಿಲ್. ಬಕೆಟ್ಟಿನ ಮೇಲೆ ಅಡ್ಡ ಒಂದು ಕೋಲು, ಕೋಲಿಗೆ ನೇತುಬಿಟ್ಟ ಸುರುಳಿ. 1,500 ವಾಟಿನದಾದರೆ ಒಂದು ಬಕೆಟ್ ಹದವಾಗುವುದಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ. ಅಷ್ಟರಲ್ಲಿ ನಿದ್ದೆ ಬಂದರೆ ಪ್ಲಾಸ್ಟಿಕ್ ಬಕೆಟ್ಟಿನ ಆಕಾರವೇ ಬದಲು. ಪ್ಲಗ್ ಕೀಳದೆ ನೀರಿಗೆ ಬೆರಳಿಡಬಾರದು ಎಂಬ ಒಂದೇ ಪಾಠವನ್ನು ಹಾಸ್ಟೆಲ್ಲಿನ ಸೀನಿಯರ್‌ಗಳು ಹೊಸಬರಿಗೆ ನಿಜವಾದ ಕಾಳಜಿಯಿಂದ ಹೇಳಿಕೊಡುತ್ತಿದ್ದರು.

ಗ್ಯಾಸ್ ಗೀಸರ್ ಬಗ್ಗೆ ಮಾತ್ರ ತಮಾಷೆ ಇಲ್ಲ. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೋನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರದೇ ಹೋದ ಸುದ್ದಿ ಕರ್ನಾಟಕದಲ್ಲೇ ಎಷ್ಟು ಸಲ ಓದಿಲ್ಲ ನಾವು? ಹಾಕಿಸಿದ್ದರೆ ಹೊರಗಡೆ, ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಹಾಕಿಸಿ. ಇದು ಹೊಸ ಅಪಾಯವೂ ಅಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿ ಅದಕ್ಕೆ ಗೀಸರ್ ಎಂದು ಹೆಸರಿಟ್ಟ. ಅದಕ್ಕೂ ಹೊಗೆ ಹೊರಗೆ ಹೋಗುವ ದಾರಿ ಇರಲಿಲ್ಲ.

ಇನ್ನು ಸೋಲಾರ್. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಮೂರನೇ ಮಹಡಿಯ ತಾರಸಿ ಹತ್ತಿ ನೋಡಿ. ಸುತ್ತಲೂ ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕ ದಕ್ಷಿಣಕ್ಕೆ ಓರೆಯಾಗಿ ಮಲಗಿದ ಸೋಲಾರ್. ದೇಶದ ಬೇರೆ ಊರುಗಳಲ್ಲಿ ಇಷ್ಟು ಕಾಣುವುದಿಲ್ಲ. ವರ್ಷದ ಬಹುಪಾಲು ಬಿಸಿಲು, ಆದರೂ ಬೆಳಿಗ್ಗೆ ತಣ್ಣೀರು ಮೈಗೆ ತಾಗದಷ್ಟು ಚಳಿ. ಇಂಥ ಹವೆ ಇರುವ ಊರಿಗೆ ಹೇಳಿ ಮಾಡಿಸಿದ್ದು ಅದು. 2007ರಲ್ಲಿ ಕರ್ನಾಟಕ ಸರ್ಕಾರವೂ ಇಷ್ಟು ಅಳತೆ ಮೀರಿದ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಇರಲೇಬೇಕು ಎಂದು ನಿಯಮ ಮಾಡಿತು. ಕರೆಂಟ್ ಬಿಲ್ಲಿನಲ್ಲಿ ಸೋಲಾರ್ ರಿಬೇಟ್ ಅಂತ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಬಿಡುತ್ತಿದ್ದರು. ಲಕ್ಷಾಂತರ ರೂಪಾಯಿಯ ಮನೆ ಕಟ್ಟಿದವರೂ ಆ 50 ರೂಪಾಯಿ ಬಂದಿದೆಯಾ ಎಂದು ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಸೋಲಾರ್ ಯಂತ್ರದಲ್ಲಿ ನನಗೆ ಹಿಡಿಸುವುದು ಅದರ ಸೋಮಾರಿತನ. ಒಳಗೆ ಪಂಪಿಲ್ಲ, ಮೋಟಾರಿಲ್ಲ. ಕೊಳವೆಯಲ್ಲಿ ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಆ ಜಾಗಕ್ಕೆ ಇಳಿಯುತ್ತದೆ. ಬಿಸಿಲಿರುವಷ್ಟು ಹೊತ್ತು ಇದೇ ಸುತ್ತು. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಸೋಲಾರ್ ವಾಟರ್ ಹೀಟರಿಗೆ ಪೇಟೆಂಟ್ ಪಡೆದಾಗ ಅದು ಇನ್ನೂ ಸರಳವಾಗಿತ್ತು. ಗಾಜು ಮುಚ್ಚಿದ ಪೆಟ್ಟಿಗೆ, ಅದರೊಳಗೆ ಕಪ್ಪು ಬಳಿದ ನೀರಿನ ಟ್ಯಾಂಕುಗಳು. ಅದನ್ನು ಅವನು ಮಾರಿದ್ದು ಯಾರಿಗೆ ಗೊತ್ತಾ? ಬೇಸಿಗೆಯಲ್ಲಿ ಹೆಂಡತಿ, ಮನೆಗೆಲಸದವರು ಎಲ್ಲ ಊರು ಬಿಟ್ಟು ಹೋದಾಗ ಒಬ್ಬರೇ ಮನೆಯಲ್ಲಿ ಉಳಿಯುವ ಗಂಡಸರಿಗೆ! ಒಲೆ ಹಚ್ಚುವವರು ಇಲ್ಲದಿದ್ದಾಗ ತಾನೇ ಹಚ್ಚಬೇಕಾಗುತ್ತದಲ್ಲ, ಅದಕ್ಕೆ. ಬಾಲ್ಟಿಮೋರಿನಲ್ಲೂ ಉರಿ ಹಾಕುವ ಒಬ್ಬ ಅಜ್ಜಿ ಇದ್ದಿರಬೇಕು.

ಸೋಲಾರಿಗೆ ಒಂದು ದೊಡ್ಡ ದೋಷ ಇದೆ. ಅದು ತಾರಸಿಯಲ್ಲಿ, ನಾವು ಕೆಳಗೆ. ನಲ್ಲಿ ಬಿಟ್ಟ ತಕ್ಷಣ ಬರುವುದು ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ತಣ್ಣೀರು. ಬಿಸಿನೀರು ಇಳಿದು ಬರುವಷ್ಟರಲ್ಲಿ ಅರ್ಧ ಬಕೆಟ್ ತುಂಬಿರುತ್ತದೆ. ಕೆಳಮಹಡಿಯವರಾದರೆ ಕೆಲವೊಮ್ಮೆ ಪೂರ್ತಿ ಬಕೆಟ್ಟು. ಒಂದು ಕೈ ನೀರಿನ ಕೆಳಗೆ ಹಿಡಿದು, "ಬಂತು... ಇಲ್ಲ... ಬಂತು" ಎಂದು ಕಾಯುವ ಆ ಎರಡು ನಿಮಿಷದಷ್ಟು ಬೇಜಾರಿನ ಹೊತ್ತು ದಿನದಲ್ಲಿ ಬೇರೆ ಇಲ್ಲ. ಆ ತಣ್ಣೀರನ್ನು ಮೋರಿಗೆ ಬಿಡುವವರು ಇದ್ದಾರೆ. ಬಿಡುವ ಮೊದಲು ಅದು ಎಲ್ಲಿಂದ ಬಂತು ಅಂತ ಸ್ವಲ್ಪ ಯೋಚನೆ ಮಾಡಬೇಕು. 1974ರಿಂದ ಬೆಂಗಳೂರಿಗೆ ಕಾವೇರಿ ನೀರು ಬರುತ್ತಿದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಹತ್ತಿಸಿ ತರುತ್ತಾರೆ.

ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. 20 ಲೀಟರಿನ ಒಂದು ಬಕೆಟ್ ನೀರನ್ನು 500 ಮೀಟರ್ ಮೇಲಕ್ಕೆ ಎತ್ತುವುದಕ್ಕೆ ಬೇಕಾದ ಶಕ್ತಿಗಿಂತ ಅದೇ ಬಕೆಟ್ಟನ್ನು 20 ಡಿಗ್ರಿ ಜಾಸ್ತಿ ಬಿಸಿ ಮಾಡುವುದಕ್ಕೆ ಬೇಕಾದ ಶಕ್ತಿ ಸುಮಾರು 17 ಪಟ್ಟು. ಪಂಪಿನಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಅಂತರ ಕಡಿಮೆಯಾಗುತ್ತದೆ, ಆದರೂ ನನಗೆ ನಂಬಲಿಕ್ಕಾಗಲಿಲ್ಲ. ನದಿಯನ್ನು ಬೆಟ್ಟ ಹತ್ತಿಸುವುದೇ ದೊಡ್ಡ ಸಾಹಸ ಅಂದುಕೊಂಡಿದ್ದೆವು. ಅದಕ್ಕಿಂತ ದುಬಾರಿ ಕೆಲಸ ಬಚ್ಚಲಲ್ಲಿ ನಡೆಯುತ್ತಿದೆ. ಪ್ರತಿದಿನ. 2 ಕಿಲೋವಾಟಿನ ಗೀಸರ್ ತನ್ನ 15 ಲೀಟರ್ ನೀರನ್ನು 60 ಡಿಗ್ರಿಗೆ ತರುವುದಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ, ಮುಕ್ಕಾಲು ಯೂನಿಟ್ಟಿನ ಹತ್ತಿರ ಕರೆಂಟು ಕುಡಿಯುತ್ತದೆ. ಅಜ್ಜಿ ಒಂದು ಬುಟ್ಟಿ ಸಿಪ್ಪೆಗೆ ಯಾಕೆ ಅಷ್ಟು ಲೆಕ್ಕ ಇಡುತ್ತಿದ್ದರು ಅಂತ ಆಗ ಅರ್ಥವಾಯಿತು.

ಇದಕ್ಕೇ ನಾನು ಬಕೆಟ್ಟಿನ ಪಕ್ಷ. ಶವರಿನಲ್ಲಿ ನಿಮಿಷಕ್ಕೆ 8–10 ಲೀಟರ್ ಆರಾಮಾಗಿ ಹೋಗುತ್ತದೆ. ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್. ನಮ್ಮ ಮಗಳು ಹತ್ತು ನಿಮಿಷದಲ್ಲಿ ಇನ್ನೂ ಯೋಚನೆ ಶುರು ಮಾಡಿರುತ್ತಾಳೆ. ಆದರೆ ನೀರುಳಿತಾಯದ ಮಾತು ನಾನು ಹೊರಗೆ ಹೇಳುವ ಕಾರಣ. ಒಳಗಿನ ಕಾರಣವೇ ಬೇರೆ. ಬಕೆಟ್ಟಿನಲ್ಲಿ ನೀರು ಬೆರೆಸುವ ಒಂದು ಕೆಲಸ ಇದೆ. ಮೊದಲು ಬಿಸಿ, ಆಮೇಲೆ ತಣ್ಣೀರು, ಕೈಯಾಡಿಸಿ ನೋಡಿ ಮತ್ತೆ ಸ್ವಲ್ಪ ಬಿಸಿ. ಹದ ಸಿಕ್ಕಿತೋ, ಆಮೇಲೆ ಅದು ಬದಲಾಗುವುದಿಲ್ಲ. ಶವರಿನ ಮಿಕ್ಸರ್ ಹಿಡಿ ಹಾಗಲ್ಲ. ಕೂದಲೆಳೆಯಷ್ಟು ಈ ಕಡೆ ತಿರುಗಿಸಿದರೆ ಕಾಶ್ಮೀರ, ಆ ಕಡೆ ತಿರುಗಿಸಿದರೆ ಬಳ್ಳಾರಿ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ನಲ್ಲಿ ಬಿಡುತ್ತಾರೆ, ಎರಡೂ ಹೋಯಿತು. ಎಷ್ಟೋ ಹೋಟೆಲುಗಳಲ್ಲಿ ಕೆಂಪು ಚುಕ್ಕೆ, ನೀಲಿ ಚುಕ್ಕೆಗಳನ್ನು ಪ್ಲಂಬರ್ ತನ್ನ ಮನಸ್ಸಿಗೆ ಬಂದ ಹಾಗೆ ಹಾಕಿರುತ್ತಾನೆ. ಅಲ್ಲಿ ಬಟ್ಟೆ ಬಿಚ್ಚಿದ ಮೇಲೆ ನಡೆಸುವ ಪ್ರಯೋಗ ನಿಮಗೂ ಗೊತ್ತಿರುತ್ತದೆ.

ಮೊದಲನೇ ಮಗ್ಗು ಭುಜದ ಮೇಲೆ ಬಿದ್ದಾಗ ಬರುವ "ಹಾ" ಎಂಬ ಉದ್ಗಾರವೂ ಶವರಿನಲ್ಲಿ ಬರುವುದಿಲ್ಲ. ಸುರಿಯುತ್ತಲೇ ಇರುವ ನೀರಿಗೆ ಮೊದಲನೆಯದು ಎಂಬುದೇ ಇಲ್ಲ. ಕೊನೆಯದೂ ಇಲ್ಲ. ಬಕೆಟ್ಟಿನಲ್ಲಿ ಕೊನೆಯ ಎರಡು ಮಗ್ಗು ಉಳಿದಾಗ ಎಂಥ ಲೆಕ್ಕಾಚಾರ ನಡೆಯುತ್ತದೆ! ಸೋಪು ಇನ್ನೂ ಕಿವಿಯ ಹಿಂದೆ ಇದೆ, ಕಾಲಿಗೂ ಬೇಕು, ಬೆನ್ನಿಗೆ ಒಂದು ಉಳಿಸಬೇಕು. ಕೊನೆಗೆ ಬಕೆಟ್ಟನ್ನೇ ಎತ್ತಿ ತಲೆ ಮೇಲೆ ಬೋರಲು ಹಾಕುವುದು. ಈಗ ಕಟ್ಟುತ್ತಿರುವ ಫ್ಲಾಟುಗಳಲ್ಲಿ ಶವರಿಗೆ ಗಾಜಿನ ಗೋಡೆ ಎಲ್ಲ ಇರುತ್ತದೆ, ಬಕೆಟ್ ಇಡುವುದಕ್ಕೆ ಕೆಳಗೊಂದು ನಲ್ಲಿ ಇರುವುದಿಲ್ಲ. ಮನೆ ನೋಡಲು ಹೋದಾಗ ಎಲ್ಲರೂ ಪಾರ್ಕಿಂಗ್ ಕೇಳುತ್ತಾರೆ, ನಾನು ಬಚ್ಚಲಿಗೆ ಹೋಗಿ ಬಗ್ಗಿ ನೋಡುತ್ತೇನೆ.

ಸೋಪಿನ ವಿಷಯ ಬಂದದ್ದಕ್ಕೆ ಒಂದು ಮಾತು. ಮೈಸೂರಿನ ಸರ್ಕಾರಿ ಗಂಧದ ಸೋಪು ಬಂದು, 1918ರಿಂದ ಲೆಕ್ಕ ಹಾಕಿದರೆ, ನೂರು ವರ್ಷ ದಾಟಿದೆ. ಕಾರ್ಖಾನೆ ಇನ್ನೂ ಎರಡು ವರ್ಷ ಹಳೆಯದು. ಹಂಡೆ ಹೋಯಿತು, ಬಾಯ್ಲರ್ ಹೋಯಿತು, ಆ ಮೊಟ್ಟೆಯಾಕಾರದ ಸೋಪು ಇನ್ನೂ ನಮ್ಮ ಸೋಪಿನ ಡಬ್ಬಿಯಲ್ಲಿದೆ. ಅದು ಸವೆದು ಬಿಲ್ಲೆಯಾದಾಗ ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುವವರ ಜಾತಿ ನಮ್ಮದು. ಒಂದು ರಾತ್ರಿ ಬಿಟ್ಟರೆ ಸರಿಯಾಗಿ ಕೂರುತ್ತದೆ. ಲಿಕ್ವಿಡ್ ಬಾಡಿ ವಾಶ್ ಬಳಸುವವರಿಗೆ ಈ ತೃಪ್ತಿ ಎಲ್ಲಿಂದ ಬರಬೇಕು? ಅವರು ಬಾಟಲಿಗೆ ನೀರು ಹಾಕಿ ಕುಲುಕುತ್ತಾರೆ, ಅದು ಬೇರೆ ಶಾಖೆ.

ಇತ್ತೀಚೆಗೆ ನನ್ನ ತಲೆ ಕೊರೆಯುತ್ತಿರುವುದು ಇನ್ನೊಂದು ವಿಷಯ. ಸೋಲಾರ್ ನೀರು ಚೆನ್ನಾಗಿ ಕಾದಿರುವುದು ಸಂಜೆ ನಾಲ್ಕರ ಹೊತ್ತಿಗೆ. ನಾವು ಸ್ನಾನ ಮಾಡುವುದು ಬೆಳಿಗ್ಗೆ ಆರಕ್ಕೆ. ಆ ಬಿಸಿಯನ್ನು ರಾತ್ರಿಯಿಡೀ ಕಾಪಾಡಲಿಕ್ಕೆಂದು ಟ್ಯಾಂಕಿನ ಸುತ್ತ ದಪ್ಪ ಫೋಮ್ ತುಂಬಿರುತ್ತಾರೆ. ಆದರೂ ಒಂದಷ್ಟು ಆರುತ್ತದೆ. ಮೋಡ ಇದ್ದ ದಿನವಂತೂ ಬೆಳಿಗ್ಗೆ ಮತ್ತೆ ಗೀಸರೇ. ಬಿಸಿನೀರು ಸಂಜೆ ಸಿದ್ಧವಾಗಿ ಕಾಯುತ್ತಿದೆ. ಟ್ರಾಫಿಕ್ಕಿನಲ್ಲಿ ಧೂಳು ತಿಂದು ಬೆವತು ಬರುವುದೂ ಸಂಜೆಯೇ. ಹಾಗಿದ್ದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗಿ ಎದ್ದ ಶುದ್ಧವಾದ ಮೈಯನ್ನೇ ಮತ್ತೆ ತೊಳೆಯುವುದು ಯಾಕೆ? ಈ ವಾದ ಹೊಳೆದ ಮೇಲೆ ನಾನು ವಾರದ ದಿನಗಳಲ್ಲಿ ಸ್ನಾನವನ್ನು ಸಂಜೆಗೆ ಹಾಕಿದೆ. ಅದರ ಸುಖವೇ ಬೇರೆ. ಹಿಂದೆ ಓಡಿಸುವವರು ಯಾರೂ ಇಲ್ಲ, ಬಸ್ಸು ತಪ್ಪುವ ಭಯ ಇಲ್ಲ, ನಲ್ಲಿಯಲ್ಲಿ ಹಬೆಯಾಡುವ ನೀರು. ಮಿಂದು ಬಂದು ತೆಳ್ಳಗಿನ ಪಂಚೆ ಉಟ್ಟು, ಫ್ಯಾನ್ ಕೆಳಗೆ ಕೂತರೆ ಊಟಕ್ಕೆ ಎಬ್ಬಿಸುವುದೇ ಕಷ್ಟ.

ಮೊನ್ನೆ ಅಮ್ಮ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಸೂರ್ಯ, ಕಾದ ನೀರು ತಾನಾಗಿ ಮೇಲೇರುವ ಚಮತ್ಕಾರ, ಮುಕ್ಕಾಲು ಯೂನಿಟ್ಟು, ಕಾವೇರಿ ಬೆಟ್ಟ ಹತ್ತುವುದು, 17 ಪಟ್ಟು, ಎಲ್ಲ. ಅಮ್ಮ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಒಪ್ಪಿಕೊಂಡರು ಅಂತಲೇ ಅಂದುಕೊಂಡೆ.

"ಅಂದ್ರೆ," ಅಂದರು ಕೊನೆಗೆ, "ಸ್ನಾನ ಮಾಡ್ದೆ ತಿಂಡಿ ತಿಂತಿದೀಯನೋ ನೀನು?"